ಕೊಪ್ಪರಿಗೆಯ ಇನ್ನೊಂದು ಬಳೆ

ಡೊಂಬಿವಲಿ ಪೂರ್ವ
೯ ಫೆಬ್ರವರಿ ೨೦೨೫

ಮಾನಪ್ಪ ಮಾರಾಯ,

ಫೋನಿನಲ್ಲಿ ನನ್ನ ನಂಬರು ಬ್ಲಾಕ್ ಮಾಡಿದ್ದೀ. ಮಾಡು. ಪೋಸ್ಟ್‌ಮ್ಯಾನನ್ನು ಬ್ಲಾಕ್ ಮಾಡುವ ಬಟನ್ ಇನ್ನೂ ಬಂದಿಲ್ಲವಲ್ಲ, ಅಷ್ಟು ಸಾಕು ನನಗೆ.

ಸಂಕ್ರಾಂತಿಯ ದಿನ ಥಾಣೆಯ ನೌಪಾಡಾದ ಭಜನಾ ಮಂಡಳಿಯ ಅಡುಗೆಮನೆಯಲ್ಲಿ ಆದದ್ದನ್ನು ಈಗ ಊರೆಲ್ಲ ಹೇಳುತ್ತಿದೆ, ಒಬ್ಬೊಬ್ಬರು ಒಂದೊಂದು ಒಗ್ಗರಣೆ ಹಾಕಿ. ಒಗ್ಗರಣೆ ನನ್ನ ಕೆಲಸ, ಅವರದ್ದಲ್ಲ. ಹಾಗಾಗಿ ಒಗ್ಗರಣೆ ಇಲ್ಲದೆ ಒಮ್ಮೆ ನಾನೇ ಹೇಳಿಬಿಡುತ್ತೇನೆ.

ಇಪ್ಪತ್ತಾರು ವರ್ಷದಿಂದ ನಮ್ಮದು ಒಂದೇ ಕ್ರಮ. ಹುಳಿಯ ಕೊಪ್ಪರಿಗೆಯನ್ನು ಒಲೆಯಿಂದ ಇಳಿಸುವಾಗ ಅದರ ಎರಡು ಹಿಡಿ ಬಳೆಗಳಲ್ಲಿ ಒಂದನ್ನು ಬೇಯಿಸಿದವನೇ ಹಿಡಿಯಬೇಕು. ನನ್ನ ಗುರುಗಳು ಹಾಕಿಕೊಟ್ಟ ಕ್ರಮ ಅದು. ಬೇಯಿಸಿದ್ದರ ಭಾರ ಬೇಯಿಸಿದವನಿಗೆ ಗೊತ್ತಿರಬೇಕು, ಇಲ್ಲದಿದ್ದರೆ ಉಪ್ಪು ಹಾಕುವ ಕೈಗೆ ಸೊಕ್ಕು ಬರುತ್ತದೆ ಎಂದು ಹೇಳುತ್ತಿದ್ದರು. ಒಂದು ಬಳೆ ನನ್ನದು, ಇನ್ನೊಂದು ನಿನ್ನದು. ವಾರವೆಲ್ಲ ರಬಾಳೆಯ ಗೋಡೌನಿನಲ್ಲಿ ಮೂಟೆ ಹೊತ್ತು, ಊಟವಿದ್ದ ದಿನ ನೀನು ನನಗಾಗಿ ಥಾಣೆಗೆ ಬರುತ್ತಿದ್ದೆ.

ಅವತ್ತು ನೀನು ಕೇಳಿದೆ: "ಭಟ್ರ, ಹೊಟ್ಟಿ ಆಪ್ರೇಷನ್ ಆಗಿ ಮೂರು ತಿಂಗಳಾತು. ಮೈಯಾಗ ಏನದ ನಿಮ್ದು? ಕಾಟಾದ ಮ್ಯಾಲ ನಿಲ್ರಿ. ಐವತ್ತಿದ್ರ ಬಳಿ ಹಿಡೀರಿ, ಇಲ್ಲಾಂದ್ರ ಬ್ಯಾಡ."

ನಾನು ದಿನಸಿ ತೂಗುವ ಕಾಟಾದ ಮೇಲೆ ನಿಂತೆ. ಸರಿಯಾಗಿ ಐವತ್ತು ತೋರಿಸಿತು. ನೀನು ನಂಬಿದೆ.

ನನ್ನ ತೂಕ ನಲವತ್ತನಾಲ್ಕು, ಮಾನಪ್ಪ. ಉಳಿದ ಆರು ಕಿಲೋ ಪಂಚೆಯ ಒಳಗೆ ಸೊಂಟಕ್ಕೆ ಕಟ್ಟಿಕೊಂಡಿದ್ದ ಮೂರು ಕಬ್ಬಿಣದ ತೂಕದ ಬಟ್ಟು. ಜೀವಮಾನವಿಡೀ ಎಲ್ಲರಿಗೂ ಚೇಷ್ಟೆ ಮಾಡಿದವನು ನಾನು. ಪಾಯಸದಲ್ಲಿ ಇಡೀ ಗೇರುಬೀಜದ ಬದಲು ಬೆಳ್ಳುಳ್ಳಿ ತೇಲಿಸಿದವನು. ಇದೂ ಒಂದು ಚೇಷ್ಟೆ ಅಂದುಕೊಂಡೆ. ಹುಳಿ ಕುದಿಯುತ್ತಿತ್ತು, ಬಟ್ಟು ಬಿಚ್ಚಲು ಪುರುಸೊತ್ತಾಗಲಿಲ್ಲ. ಎರಡು ಹೆಜ್ಜೆಗೆ ನನ್ನ ಮಂಡಿ ಕೈಕೊಟ್ಟಿತು. ಕೊಪ್ಪರಿಗೆ ನನ್ನ ಮೈಮೇಲೆ ಬರಬೇಕಿತ್ತು. ನೀನು ಅದನ್ನು ನಿನ್ನ ಕಡೆಗೆ ಎಳೆದುಕೊಂಡೆ. ಹುಳಿ ನಿನ್ನ ಎಡಗಾಲಿನ ಮೇಲೆ ಹೋಯಿತು. ಆಮೇಲೆ ನನ್ನ ಸೊಂಟದಿಂದ ಮೂರೂ ಬಟ್ಟು ಕಳಚಿ ನೆಲಕ್ಕೆ ಬಿದ್ದವು. ಟಣ್, ಟಣ್, ಟಣ್. ಎಲ್ಲರೂ ನಿನ್ನ ಕಾಲು ನೋಡುತ್ತಿದ್ದರು. ನೀನೊಬ್ಬ ಆ ಬಟ್ಟು ನೋಡುತ್ತಿದ್ದೆ.

ಕಾಲು ಹೇಗುಂಟು?

ಇಂತಿ,
ನಲವತ್ತನಾಲ್ಕು ಕಿಲೋ ವಿಷ್ಣುಮೂರ್ತಿ
(ಪಂಚೆ ಸಹಿತ, ಬಟ್ಟು ರಹಿತ)


ಡೊಂಬಿವಲಿ
೨ ಮಾರ್ಚ್ ೨೦೨೫

ಮಾನಪ್ಪ,

ಉತ್ತರ ಇಲ್ಲ. ಇರಲಿ, ನಾನು ದಕ್ಷಿಣದವನು, ಉತ್ತರ ಇಲ್ಲದೆಯೂ ಬದುಕುತ್ತೇನೆ.

ಇಲ್ಲಿ ಮಗ ರಂಜನ್ ಕಾನೂನು ಹೊರಡಿಸಿದ್ದಾನೆ. "ಅಪ್ಪ, ಅರವತ್ತೆಂಟಾಯ್ತು. ಎತ್ತೋದು ಇಳಿಸೋದು ಎಲ್ಲ ಬಸ್. ಸೋಫಾದಲ್ಲಿ ಕೂತು ಟಿ.ವಿ. ನೋಡಿ." ಮೂರು ಹೊತ್ತೂ ಗಂಜಿ. ಗಂಜಿಗೆ ಅಂಜಿ ಅಂಜಿ ನಾನೇ ಗಂಜಿಯ ತಿಳಿಯ ಹಾಗೆ ಆಗಿದ್ದೇನೆ. ತೂಕ ಬರುತ್ತಿಲ್ಲ ಮಾರಾಯ, ಬರುವುದು ತೂಕಡಿಕೆ ಮಾತ್ರ.

ಹಾಗಾಗಿ ಕಳ್ಳದಾರಿ ಹಿಡಿದೆ. ಇಪ್ಪತ್ತು ದಿನ ಬೆಳಿಗ್ಗೆ ಸಂಜೆ ತುಪ್ಪದ ಉಂಡೆ ತಿಂದೆ. ಎರಡು ಕಿಲೋ ಬಂತು! ಹಿಗ್ಗಿನಿಂದ ಆಸ್ಪತ್ರೆಗೆ ಹೋದೆ. ಅಲ್ಲಿ ಪಥ್ಯ ಹೇಳುವ ಪ್ರಿಯಂವದಾ ಅಂತ ನಮ್ಮ ಕಡೆಯ ಹುಡುಗಿ ಇದ್ದಾಳೆ. ದರ್ಜಿಯ ಹಾಗೆ ಟೇಪು ಹಿಡಿದು ಅಳೆದಳು. "ಅಜ್ಜಾ, ಹೊಟ್ಟೆ ಎರಡು ಇಂಚು ಹೆಚ್ಚಾಗಿದೆ. ತೊಡೆ, ಮೀನಖಂಡ ಇದ್ದ ಹಾಗೇ ಉಂಟು. ಎಲ್ಲಿ, ಕುರ್ಚಿಯಿಂದ ಕೈ ಊರದೆ ಏಳಿ ನೋಡುವ."

ಆಗಲಿಲ್ಲ.

ಮದುವೆಗಳಿಗೆ ಸಾವಿರ ಎಲೆಯ ಅಡುಗೆ ಮಾಡಿದವನು ಒಂದು ಪ್ಲಾಸ್ಟಿಕ್ ಕುರ್ಚಿಗೆ ಸೋತೆ. ಅವಳು ನಗಲಿಲ್ಲ. "ನಿಮ್ಮಿಂದ ಹೋದದ್ದು ಬರೀ ಕೊಬ್ಬಲ್ಲ ಅಜ್ಜ, ಸ್ನಾಯು. ಅದು ವಾಪಸು ಬರಬೇಕಾದರೆ ಸರಿಯಾಗಿ ತಿನ್ನಲೂಬೇಕು, ಭಾರ ಎತ್ತಲೂಬೇಕು. ಬರೀ ತಿಂದರೆ ಹೀಗೆ ಹೊಟ್ಟೆ. ಬರೀ ಎತ್ತಿದರೆ ಇನ್ನೂ ಸವೆಯುತ್ತೀರಿ" ಅಂದಳು.

ಬಸ್ಸಿನಲ್ಲಿ ಬರುವಾಗ ಆ ಶಬ್ದವನ್ನೇ ಬಾಯಲ್ಲಿ ತಿರುಗಿಸುತ್ತಿದ್ದೆ. ಸ್ನಾಯು. ಅದರ ಒಳಗೇ ಆಯು ಕೂತಿದೆ ನೋಡು.

ಇಂತಿ,
ನಲವತ್ತಾರು (ಅದರಲ್ಲಿ ಎರಡು ಹೊಟ್ಟೆಯದ್ದು)
ವಿಷ್ಣುಮೂರ್ತಿ


ರಬಾಳೆ
೨೦ ಮಾರ್ಚ್ ೨೦೨೫

ಭಟ್ರಣ್ಣಾರಿಗೆ ಸತ್ಯಮ್ಮನ ನಮಸ್ಕಾರ.

ನಾ ಹೇಳಾಕತ್ತೀನಿ, ಮಗಳು ಮಾಲಾ ಬರಿಯಾಕತ್ಯಾಳ. ಮನ್ಯಾಗಿನ ಗಂಡಸಿಗೆ ಇದು ಗೊತ್ತಿಲ್ಲ.

ಕಾಲು ಮಾಯಾಕತ್ಯದ. ಹೊಸ ತೊಗಲು ಬಂದದ, ಎಳೆ ಕೂಸಿನ ಕೆನ್ನಿ ಇದ್ದಂಗ ಅದ. ಮೂಟಿ ಹೊರಾಕ ಇನ್ನಾ ಬಿಟ್ಟಿಲ್ಲ. ಹಮಾಲರ ಮುಕಾದಮ್ ಒಳ್ಳ್ಯಾಂವ, ಕಾಟಾದ ಮುಂದ ಕುಂತು ಚೀಟಿ ಬರಿಯೋ ಕೆಲಸಾ ಕೊಟ್ಟಾನ. ಇಡೀ ದಿನ ಮಂದಿ ಮಾಲು ತೂಗಿ ತೂಗಿ ಮನಿಗೆ ಬಂದು ಸುಮ್ಮ ಕುಂದರ್ತಾರ.

ನಿಮ್ಮ ಎರಡೂ ಪತ್ರ ಓದ್ಯಾರ. ಹಾಸಗಿ ಕೆಳಗ ಇಟ್ಟಾರ. ಕಾಲು ಸುಟ್ಟದ್ದಕ್ಕ ಅವ್ರಿಗೆ ಸಿಟ್ಟಿಲ್ಲಣ್ಣ. ಒಂದಿನಾ ಊಟಕ್ಕ ಕುಂತಾಗ ತಾವs ಅಂದ್ರು: "ಆ ಮನುಷ್ಯಾ ನನಗ ನಲವತ್ನಾಕು ಅಂತ ಖರೇ ಹೇಳಿದ್ರ, ಒಂದು ಕೈಯಾಗ ಅವನ್ನ, ಒಂದು ಕೈಯಾಗ ಕೊಪ್ಪರಿಗಿ ಎತ್ತತಿದ್ದೆ." ಆಮ್ಯಾಲ ರೊಟ್ಟಿ ಬಿಟ್ಟು ಎದ್ದು ಹೋದ್ರು.

ನೀವು ಪತ್ರದಾಗ ಬರೇ ಚಾಷ್ಟಿ ಮಾಡೀರಿ. ತಪ್ಪಾತು ಅನ್ನೋದು ಎಲ್ಲಿ ಬರದೀರಿ ಅಂತ ಮಾಲಾ ಎರಡು ಸಲ ಹುಡುಕಿದ್ಲು. ಸಿಗಲಿಲ್ಲ.

ನಿಮ್ಮ ತಂಗಿ,
ಸತ್ಯಮ್ಮ


ಡೊಂಬಿವಲಿ
೬ ಏಪ್ರಿಲ್ ೨೦೨೫

ಮಾನಪ್ಪ,

ನನ್ನದು ತಪ್ಪಾಯಿತು. ಸುಳ್ಳು ಹೇಳಿದೆ. ಆ ಸುಳ್ಳಿಗೆ ನೀನು ಕಾಲು ಕೊಟ್ಟೆ. ಇದರಲ್ಲಿ ಚೇಷ್ಟೆ ಇಲ್ಲ.

ಯಾಕೆ ಹೇಳಿದೆ ಅಂತ ನೀನು ಕೇಳಲಿಲ್ಲ, ಆದರೂ ಹೇಳುತ್ತೇನೆ. ಆಸ್ಪತ್ರೆಯಿಂದ ಬಂದ ಮೇಲೆ ಎಲ್ಲರೂ ನನ್ನನ್ನು ಹಗುರವಾಗಿ ಹಿಡಿದುಕೊಳ್ಳುತ್ತಿದ್ದರು, ಗಾಜಿನ ಲೋಟದ ಹಾಗೆ. ಮೆಟ್ಟಿಲಿನಲ್ಲಿ ಒಬ್ಬ ಕೈ ಹಿಡಿಯುತ್ತಾನೆ, ಲೋಕಲ್‌ನಲ್ಲಿ ಒಬ್ಬಳು ಸೀಟು ಬಿಡುತ್ತಾಳೆ. ನನ್ನನ್ನು ಗಟ್ಟಿ ಆಳು ಅಂತ ನೋಡುವವನು ನೀನೊಬ್ಬ ಉಳಿದಿದ್ದೆ. ನಿನ್ನ ಮುಂದೆಯೂ ನಲವತ್ತನಾಲ್ಕು ಆಗಲು ನನಗೆ ಮನಸ್ಸು ಬರಲಿಲ್ಲ.

ಈಗ ಸುದ್ದಿ. ನಾನು ಜಿಮ್ಮಿಗೆ ಸೇರಿದ್ದೇನೆ. ನಗಬೇಡ. ಸರಿ, ನಗು.

ಸ್ಟೇಷನ್ ರಸ್ತೆಯಲ್ಲಿ ಬಳೆ ಅಂಗಡಿಯ ಮೇಲೆ ಉಂಟು. ಒಳಗೆ ಕಾಲಿಟ್ಟ ಕೂಡಲೇ ಒಬ್ಬ ಹುಡುಗ, "ಅಂಕಲ್, ಯೋಗಾ ಕ್ಲಾಸ್ ಊಪರ್ ಹೈ" ಅಂದ. ನಾನು, "ಊಪರ್ ಜಾನೇಕೋ ಟೈಮ್ ಹೈ ಬೇಟಾ, ಅಭೀ ಇಧರ್‌ಚ್ ಕಾಮ್ ಹೈ" ಅಂದೆ, ಮೇಲೆ ಹೋಗಲು ಇನ್ನೂ ಸಮಯ ಉಂಟು, ಈಗ ಕೆಲಸ ಇಲ್ಲೇ ಅಂತ. ಅವನೇ ಯತಿನ್, ಅಲ್ಲಿ ಕಲಿಸುವವನು. ವಯಸ್ಸು ಕೇಳಿದ. ತೊಂಬತ್ತೊಂದು ಅಂದೆ. ಅವನು ಎಲ್ಲರನ್ನೂ ಕರೆದು, "ದೇಖೋ, ನಬ್ಬೆ ಕೆ ಊಪರ್!" ಅಂತ ನನಗೆ ಚಪ್ಪಾಳೆ ಹೊಡೆಸಿದ. ಚಪ್ಪಾಳೆ ಮುಗಿಯುವಷ್ಟರಲ್ಲಿ ನಿನ್ನ ಮುಖ ನೆನಪಾಯಿತು. "ಝೂಟ್ ಬೋಲಾ. ಅಡ್ಸಠ್ ಹೈ" ಅಂತ ಸುಳ್ಳು ಒಪ್ಪಿಕೊಂಡು ನಿಜದ ಅರವತ್ತೆಂಟು ಹೇಳಿದೆ. ಈಗ ಅವರು ನನ್ನನ್ನು ತೊಂಬತ್ತೊಂದು ಅಂತಲೇ ಕರೆಯುತ್ತಾರೆ.

ಶಸ್ತ್ರಚಿಕಿತ್ಸೆ ಮಾಡಿದ ಡಾಕ್ಟರರ ಒಪ್ಪಿಗೆ ಚೀಟಿಯನ್ನು ಪ್ರಿಯಂವದಾ ತಂದುಕೊಟ್ಟಳು. ರಂಜನ್ ಮಾತ್ರ ಬಾಗಿಲಿಗೆ ಅಡ್ಡ ನಿಂತ. "ಬಿದ್ದರೆ ಯಾರು ನೋಡೋದು ಅಪ್ಪ?" "ಕೂತಲ್ಲೇ ಕರಗಿ ಹೋದರೆ ಯಾರು ನೋಡುವುದು ಮಗಾ? ಅದಕ್ಕೆ ಶಬ್ದವೂ ಆಗುವುದಿಲ್ಲ" ಅಂದೆ. ಪಕ್ಕಕ್ಕೆ ಸರಿದ.

ಮೊದಲ ದಿನ ಬರೀ ಕುರ್ಚಿ. ಕೂರು, ಏಳು, ಕೂರು, ಏಳು. ಕೈ ಊರದೆ ಒಂದು ಸಲ ಎದ್ದೆ. ಒಂದೇ ಸಲ.

ಇಂತಿ,
ನಲವತ್ತಾರೂವರೆ
ವಿಷ್ಣುಮೂರ್ತಿ


ರಬಾಳೆ
೪ ಮೇ ೨೦೨೫

ಭಟ್ರ,

ಈ ಸಲ ಐವತ್ತಲ್ಲ, ಐವತ್ಮೂರು ಕಿಲೋ. ಅಲ್ಲೀತನಕ ನಾ ಇನ್ನೊಂದು ಬಳಿ ಹಿಡಿಯಂಗಿಲ್ಲ. ಕಾಟಾ ನಂದು, ಗೋಡೌನ್ ನಂದು, ಪಂಚಿ ಬಿಚ್ಚಿ ನಿಲ್ಲಬೇಕು.

ಇದರ ಜೋಡಿ ಶೇಂಗಾ ಹಿಂಡಿ, ನೀವು ಚಟ್ನಿಪುಡಿ ಅಂತೀರಲ್ಲ ಅದು, ಕಳಿಸ್ಯಾಳ ನಮ್ಮಾಕಿ. ನಾ ಕಳಿಸಿಲ್ಲ. ಕೋಳಿ ತತ್ತಿ ತಿಂದ್ರ ಲಗೂನ ಮೈ ಬರ್ತದ ಅಂತ ಹೇಳಾಕ ಹೇಳ್ಯಾಳ. ನೀವು ತಿನ್ನಂಗಿಲ್ಲ ಅಂತ ನಾ ಹೇಳೀನಿ.

ಮಾನಪ್ಪ


ಡೊಂಬಿವಲಿ
೧೫ ಜೂನ್ ೨೦೨೫

ಮಾನಪ್ಪ ಮಾರಾಯ,

ನೀನು ಕಳಿಸದೆ ಇದ್ದ ಹಿಂಡಿ ನಾಲ್ಕೇ ದಿನಕ್ಕೆ ಖಾಲಿ. ಇನ್ನೊಮ್ಮೆ ಕಳಿಸಬೇಡ, ಡಬ್ಬಿ ದೊಡ್ಡದಿರಲಿ.

ಈಗ ನಾನು ದಿನಕ್ಕೆ ಆರು ಸಲ ತಿನ್ನುತ್ತೇನೆ. ಆಪರೇಷನ್ ಆದ ಹೊಟ್ಟೆಗೆ ಒಮ್ಮೆಗೇ ತುಂಬಿಸಿದರೆ ಹಿಡಿಸುವುದಿಲ್ಲ. ಸ್ವಲ್ಪ ಸ್ವಲ್ಪ, ಸಲ ಹೆಚ್ಚು. ಬೆಳಿಗ್ಗೆ ಹಾಲು ಹಾಕಿದ ರಾಗಿ. ಆಮೇಲೆ ಮೊಳಕೆ ಬಂದ ಹೆಸರುಕಾಳು. ಮಧ್ಯಾಹ್ನ ಅನ್ನ ಕಡಿಮೆ ಮಾಡಿ ತೊವ್ವೆ ಮಂದ ಮಾಡಿಸಿದ್ದೇನೆ, ಸೌಟು ನೆಟ್ಟಗೆ ನಿಲ್ಲುವಷ್ಟು. ಮೊಸರು, ಪನೀರು, ನೆಲಗಡಲೆ, ಬಾಳೆಹಣ್ಣು. ಯತಿನ್ ದೊಡ್ಡ ಡಬ್ಬಿಯ ಪ್ರೋಟೀನ್ ಪುಡಿ ತೋರಿಸಿದ. ಪ್ರಿಯಂವದಾ, "ಇವರಿಗೆ ಅದು ಬೇಡ. ಇವರ ಅಡುಗೆಮನೆಯಲ್ಲೇ ಎಲ್ಲ ಉಂಟು" ಅಂದಳು. ಅಡುಗೆಯವನಿಗೆ ಇದಕ್ಕಿಂತ ದೊಡ್ಡ ಸರ್ಟಿಫಿಕೇಟು ಬೇಕಾ?

ನಡುವೆ ಹದಿನೈದು ದಿನ ತೂಕ ಒಂದು ಗುಲಗಂಜಿಯಷ್ಟೂ ಏರಲಿಲ್ಲ. ಜ್ವರ ಬಂದು ಇದ್ದದ್ದರಲ್ಲೂ ಒಂದು ಕಿಲೋ ಹೋಯಿತು. ರಂಜನ್, "ಹೇಳಿದ್ದೆನಲ್ಲ" ಅಂತ ಮುಖ ಮಾಡಿದ. ಹೇಳಲಿಲ್ಲ, ಮುಖ ಮಾತ್ರ ಮಾಡಿದ. ಅವತ್ತು ಆ ಮೂರು ಬಟ್ಟುಗಳನ್ನು ಮಂಚದ ಕೆಳಗಿಂದ ತೆಗೆದೆ. ಹೌದು, ನನ್ನ ಹತ್ತಿರವೇ ಇವೆ. ಒಂದು ಕೈಯಲ್ಲಿ ಎರಡು, ಒಂದು ಕೈಯಲ್ಲಿ ಒಂದು ಹಿಡಿದು ಮಂಚದ ಅಂಚಿನಿಂದ ಎದ್ದೆ, ಕೂತೆ, ಎದ್ದೆ. ನನ್ನನ್ನು ಕೆಡವಿದ ಕಬ್ಬಿಣವೇ ನನ್ನನ್ನು ಎಬ್ಬಿಸಲಿ. ಕುರ್ಚಿಯಿಂದ ಈಗ ಹನ್ನೆರಡು ಸಲ ಏಳುತ್ತೇನೆ.

ಸೊಸೆ ಪೂಜಿತಾ ಗುಟ್ಟಾಗಿ ನನ್ನ ಪಾರ್ಟಿ ಸೇರಿದ್ದಾಳೆ. ನಿನ್ನೆ ಗ್ಯಾಸ್ ಸಿಲಿಂಡರ್ ಬಂದಾಗ ರಂಜನ್ ಓಡಿ ಬರುವ ಮೊದಲೇ, "ಮಾವ, ನೀವೇ ಸರಿಸಿ" ಅಂದಳು. ಸರಿಸಿದೆ.

ಇಂತಿ,
ನಲವತ್ತೊಂಬತ್ತು
ವಿಷ್ಣುಮೂರ್ತಿ


ರಬಾಳೆ
೨೦ ಜುಲೈ ೨೦೨೫

ಭಟ್ರ,

ಸಿಲಿಂಡರ್ ಹ್ಯಾಂಗ ಸರಿಸಿದ್ರಿ? ನಿಮ್ಮನ್ನ ಇಪ್ಪತ್ತಾರು ವರ್ಷ ನೋಡೀನಿ. ನೀವು ನಡಾ ಬಗ್ಗಿಸಿ ಎತ್ತತೀರಿ. ಅದು ತಪ್ಪು. ಕುಂಡಿ ಹಿಂದ ಇಟ್ಟು, ಬೆನ್ನು ನೆಟ್ಟಗ ಹಿಡದು, ತೊಡಿಲೇ ಏಳಬೇಕು. ಹಮಾಲಗ ಬೆನ್ನು ಬರೇ ಹಾದಿ, ತೊಡೀನs ಆಳು. ಉಸರು ಹಿಡೀಬ್ಯಾಡ್ರಿ. ಇದನ್ನ ಮೊದಲs ಹೇಳಬೇಕಿತ್ತು. ಭಟ್ರಿಗೆ ಏನ್ ಹೇಳೋದು ಅಂತ ಸುಮ್ಮಿದ್ದೆ. ನಂದೂ ಅಷ್ಟು ತಪ್ಪದ.

ಈ ವರ್ಷ ಗಣಪತಿ ಬುಧವಾರ ಬರ್ತಾನ. ಮಂಡಳಿಯವ್ರು ನಿಮ್ಮನ್ನs ಕರದಾರಂತ, ಮಾಲಾ ಹೇಳಿದ್ಲು. ಅದರ ಹಿಂದಿನ ಐತವಾರ, ಆಗಸ್ಟ್ ಇಪ್ಪತ್ನಾಕಕ್ಕ, ಗೋಡೌನಿಗೆ ಬರ್ರಿ. ತೂಗೋಣು.

ನಾ ಇನ್ನಾ ಸ್ವಲ್ಪ ಕುಂಟತೀನಿ. ನೋಡಿ ಮಾರಿ ಸಣ್ಣ ಮಾಡಬ್ಯಾಡ್ರಿ.

ಮಾನಪ್ಪ


ಡೊಂಬಿವಲಿ
೨೫ ಆಗಸ್ಟ್ ೨೦೨೫

ಮಾನಪ್ಪ,

ನಿನ್ನೆ ಎದುರಿಗಿದ್ದಾಗ ಹೇಳಲು ಆಗಲಿಲ್ಲ. ಏಳು ತಿಂಗಳ ಮೇಲೆ ನಿನ್ನ ಮುಖ ನೋಡಿದ್ದೆ, ನೀನು ಚಹಾ ಕುಡಿಸಿದೆ, "ಭಟ್ರ, ಹೆಗಲಿಗಿ ಮಾಂಸಾ ಬಂದದ" ಅಂತ ಮುಟ್ಟಿ ನೋಡಿದೆ. ಅದನ್ನು ಕೆಡಿಸಲು ಮನಸ್ಸಾಗಲಿಲ್ಲ. ಈಗ ಬರೆಯುತ್ತೇನೆ. ನಾಡಿದ್ದಿನೊಳಗೆ ಅಂಚೆ ಮುಟ್ಟುವುದಿಲ್ಲ, ಅದಕ್ಕೆ ಪೂಜಿತಾ ನಾಳೆ ಮಾಲಾಳ ಕೈಗೇ ಕೊಡುತ್ತಾಳೆ.

ಚಡ್ಡಿ ಬನಿಯನ್ನಿನಲ್ಲಿ ನಿನ್ನ ಕಾಟಾದ ಮೇಲೆ ನಿಂತೆ. ಹಮಾಲರೆಲ್ಲ ಸುತ್ತ ನಿಂತಿದ್ದರು. ಐವತ್ತಮೂರು ಪಾಯಿಂಟ್ ಎರಡು ಅಂತ ಬಂತು. ಎಲ್ಲರೂ ಸಿಳ್ಳೆ ಹೊಡೆದರು. ನನ್ನ ಎದುರಿಗೆ ಆಫೀಸಿನ ಗಾಜಿನ ಬಾಗಿಲು ಇತ್ತು, ಮಾನಪ್ಪ. ಅದರಲ್ಲಿ ನನ್ನ ಬೆನ್ನಿಗೆ ನಿಂತ ನೀನು ಕಾಣುತ್ತಿದ್ದೆ. ನಿನ್ನ ಎಡಗಾಲಿನ ಹೆಬ್ಬೆರಳು ಕಾಟಾದ ಹಲಗೆಯ ಅಂಚಿನ ಮೇಲಿತ್ತು. ಆ ಸುಟ್ಟ ಕಾಲಿನದ್ದೇ.

ಬೆಳಿಗ್ಗೆ ಜಿಮ್ಮಿನಲ್ಲಿ ನಾನು ಐವತ್ತೊಂದೂವರೆ ಇದ್ದೆ. ರೈಲಿನಲ್ಲಿ ಡೊಂಬಿವಲಿಯಿಂದ ರಬಾಳೆಗೆ ಬರುವಷ್ಟರಲ್ಲಿ ಯಾರೂ ಎರಡು ಕಿಲೋ ದಪ್ಪ ಆಗುವುದಿಲ್ಲ. ಚಿಕ್ಕಂದಿನಿಂದ ಕಾಟಾಕ್ಕೆ ಕಾಟ ಕೊಟ್ಟವನು ನಾನು. ನನ್ನ ಹತ್ತಿರವೇ ಬೆರಳಾಟವಾ?

ಯಾಕೆ ಇಟ್ಟೆ ಅಂತ ಗೊತ್ತು. ಆದರೆ ಆ ಬೆರಳಿನ ತೂಕ ನನಗೆ ಬೇಡ. ನನ್ನ ಸುಳ್ಳನ್ನು ನಿನ್ನ ಕಾಲು ಒಮ್ಮೆ ಹೊತ್ತಿದೆ. ಎರಡನೆಯ ಸಲ ಹೊರಿಸುವುದಿಲ್ಲ.

ಬುಧವಾರ ಕೊಪ್ಪರಿಗೆ ಒಲೆಗೆ ಏರುವುದಿಲ್ಲ. ಹುಳಿಯನ್ನು ಎಂಟು ಸಣ್ಣ ಪಾತ್ರೆಯಲ್ಲಿ ಮಾಡುತ್ತೇನೆ, ಎಂಟನ್ನೂ ನಾನೇ ಇಳಿಸುತ್ತೇನೆ. ಮಂಡಳಿಯವರು ಗೊಣಗಲಿ. ಗಣಪತಿಯ ಹೊಟ್ಟೆಯನ್ನು ಯಾರೂ ತೂಗಿ ನೋಡಿಲ್ಲ, ಅವನು ಅರ್ಥ ಮಾಡಿಕೊಳ್ಳುತ್ತಾನೆ. ಐವತ್ತಮೂರು ನಾನೇ ಆಗುತ್ತೇನೆ. ನಿನ್ನ ಕಾಲು ನೆಲದ ಮೇಲಿರಲಿ.

ಇಂತಿ,
ಐವತ್ತೊಂದೂವರೆ, ಒಂದು ಬೆರಳೂ ಹೆಚ್ಚಿಲ್ಲ
ವಿಷ್ಣುಮೂರ್ತಿ


ರಬಾಳೆ
೭ ಸೆಪ್ಟೆಂಬರ್ ೨೦೨೫

ಭಟ್ರ,

ಪತ್ರಾ ಓದಿ ಮೊದಲು ಸಿಟ್ಟು ಬಂತು. ನಾ ಮಾನಾ ಬಿಟ್ಟು ಬೆರಳು ಇಟ್ರ, ಇಂವಾ ಗಾಜು ನೋಡ್ಯಾನಲ್ಲ ಅಂತ. ಇಪ್ಪತ್ತು ವರ್ಷದಾಗ ಯಾವ ವ್ಯಾಪಾರಿ ಮಾಲಿಗೂ ಬೆರಳು ಇಟ್ಟಾಂವಲ್ಲ ನಾ. ನಿಮಗ ಇಟ್ಟೆ.

ಗಣಪತಿ ದಿನಾ ನಾ ಬಾಗಲದಾಗ ನಿಂತು ನೋಡಿದೆ. ಒಂದೊಂದs ಪಾತ್ರಿ ಇಳಿಸಿದ್ರಿ. ಕುಂಡಿ ಹಿಂದ, ಬೆನ್ನು ನೆಟ್ಟಗ. ಐದನೇದನ್ನ ಅರ್ಧಕ್ಕ ಇಟ್ಟು ಮತ್ತ ಎತ್ತಿದ್ರಿ. ಬಂದು ಹಿಡಿಬೇಕು ಅನಸ್ತು. ಹಿಡೀಲಿಲ್ಲ. ಎಂಟೂ ಆದ್ವು.

ಮಂಡಳಿಯಾಂವ ಒಬ್ಬ ನನ್ನ ಕೇಳಿದ, "ಮುದುಕಗ ಯಾಕ ಬೇಕಿತ್ತು ಈ ಹಟಾ?" ನಾ ಅಂದೆ, "ನಿನಗ ಹುಳಿ ಬೇಕಿತ್ತಿಲ್ಲೋ? ಉಣ್ಣು."

ಮಾನಪ್ಪ


ಡೊಂಬಿವಲಿ
೨೮ ಸೆಪ್ಟೆಂಬರ್ ೨೦೨೫

ಮಾನಪ್ಪ ಮಾರಾಯ,

ಐವತ್ತಮೂರು ಪಾಯಿಂಟ್ ಒಂದು. ಜಿಮ್ಮಿನ ಕಾಟಾ, ಆಸ್ಪತ್ರೆಯ ಕಾಟಾ, ಭಂಗಾರ್ (ಗುಜರಿ) ಅಂಗಡಿಯ ಕಾಟಾ, ಮೂರರಲ್ಲೂ. ಭಂಗಾರ್‌ನವನು "ಬೇಚನಾ ಹೈ ಕ್ಯಾ?" ಅಂತ ನನ್ನನ್ನೇ ಮಾರಲು ತಂದ ಹಾಗೆ ಕೇಳಿದ. "ಭಂಗಾರ ಅಲ್ಲವೋ, ಬಂಗಾರ" ಅಂತ ಹೇಳಿ ಬಂದೆ, ಅವನಿಗೆ ಅರ್ಥ ಆಗಲಿಲ್ಲ, ನಾನೊಬ್ಬನೇ ಸ್ಟೇಷನ್ನಿನ ತನಕ ನಕ್ಕೆ. ಮೂರು ಕಡೆಗೂ ರಂಜನ್ ಸಾಕ್ಷಿಗೆ ಬಂದಿದ್ದ. ಪ್ರಿಯಂವದಾಳ ಟೇಪಿನ ಪ್ರಕಾರ ಹೊಟ್ಟೆ ಇಳಿದಿದೆ, ತೊಡೆ ಒಂದೂವರೆ ಇಂಚು ಏರಿದೆ. ರಂಜನ್ ಆ ಟೇಪನ್ನು ಕೈಗೆ ತೆಗೆದುಕೊಂಡು ತಾನೇ ಇನ್ನೊಮ್ಮೆ ಅಳೆದ. ಆಮೇಲೆ ಎಂತ ಹೇಳಿದ ಗೊತ್ತುಂಟಾ? "ಅಪ್ಪ, ಬೆಳಿಗ್ಗೆ ನಾನೂ ಬರ್ಲಾ ಜಿಮ್ಮಿಗೆ?"

ಗುರುವಾರ ವಿಜಯದಶಮಿ. ನೌಪಾಡಾ, ಬೆಳಿಗ್ಗೆ ಹತ್ತೂವರೆಗೆ ಹುಳಿ ಇಳಿಸುವುದು. ಕೊಪ್ಪರಿಗೆ ಉಜ್ಜಿ ಇಡಿಸಿದ್ದೇನೆ. ಕಾಟಾ ಬಾಗಿಲಲ್ಲೇ ಇರುತ್ತದೆ. ತೂಗು, ಮುಟ್ಟಿ ನೋಡು, ಸೊಂಟ ತಡಕು. ನನ್ನದು ಒಂದು ಬಳೆ ಮಾತ್ರ.

ಇಂತಿ,
ಐವತ್ತಮೂರು
ವಿಷ್ಣುಮೂರ್ತಿ


ರಬಾಳೆ
೫ ಅಕ್ಟೋಬರ್ ೨೦೨೫

ಭಟ್ರ,

ದಸರಾ ದಿನಾ ಕಾಟಾದ ಮ್ಯಾಲ ನಿಮ್ಮನ್ನ ನಿಲ್ಲಸಲಿಲ್ಲ. ಸತ್ಯಮ್ಮ ಕೇಳಿದ್ಲು, "ಯಾಕ ತೂಗಲಿಲ್ಲ?" ಅಂತ. "ಬಳಿ ಹಿಡದ ಕೂಡ್ಲೆ ಗೊತ್ತಾಗ್ತದ" ಅಂದೆ.

ಖರೇ ಹೇಳೋಣು ಅಂತ ನಾವಿಬ್ರೂ ಮಾತಾಡೀವಿ. ಅದಕ್ಕ ಎರಡು ಖರೇ ಮಾತು.

ಒಂದು, ಹುಳಿಗೆ ಉಪ್ಪು ಹೆಚ್ಚಾಗಿತ್ತು. ಯಾರೂ ಹೇಳಲಿಲ್ಲ, ಎಲ್ಲಾರೂ ನಿಮ್ಮ ತೋಳು ನೋಡಾಕತ್ತಿದ್ರು. ಸೊಕ್ಕು ಬಂದದ ನಿಮ್ಮ ಕೈಗೆ. ಬರಲಿ, ಒಂದಿನಾ.

ಎರಡು, ಕೊಪ್ಪರಿಗಿ ಇಳಿಸುವಾಗ ಹುಳಿ ನನ್ನ ಕಡಿ ವಾಲಿತ್ತು. ನೀವು ನೋಡಲಿಲ್ಲ, ಉಸರು ಬಿಡೋದರಾಗ ಇದ್ರಿ. ನಿಮ್ಮ ಬಳಿ ನನ್ನ ಬಳಿಗಿಂತ ಒಂದು ಬೆರಳು ಮ್ಯಾಲಿತ್ತು. ನಾ ಜಗ್ಗಿ ಜಗ್ಗಿ ನೋಡಿದೆ, ಏರಲಿಲ್ಲ. ಏಳೆಂಟು ತಿಂಗಳು ಕುಂತು ಕುಂತು ಎಡಗಾಲು ಸಣ್ಣಾಗ್ಯದ. ಮಾಲಾ ಟೇಪಿಲೇ ಅಳದಾಳ, ಬಲಗಾಲಿಗಿಂತ ಎರಡು ಇಂಚು ಕಡಿಮಿ. ಯಾರಿಗೂ ಹೇಳಿರಲಿಲ್ಲ.

ಬರೋ ಐತವಾರ ಡೊಂಬಿವಲಿಗೆ ಬರ್ತೀನಿ. ಆ ಹುಡುಗ ಯತಿನಗ ಹೇಳ್ರಿ, ಒಂದು ಕುರ್ಚಿ ತೆಗೆದು ಇಡಾಕ. ಯೋಗಾ ಮ್ಯಾಲ ಅದ ಅಂದ್ರ ನೀವs ಜವಾಬ್ದಾರಿ.

ಫೋನಿನ್ಯಾಗ ನಿಮ್ಮ ಬ್ಲಾಕ್ ತೆಗದೀನಿ. ಆದ್ರ ಮಾಡಬ್ಯಾಡ್ರಿ, ನಿಮ್ಮ ಮಾತು ಓದಿದ್ರs ಛಲೋ.

ನಿಮ್ಮ,
ಮಾನಪ್ಪ
ಅರವತ್ತೊಂದು ಕಿಲೋ. ಚಪ್ಪಲಿ ಬಿಚ್ಚಿ, ಎರಡೂ ಕಾಲು ಇಟ್ಟು.